ಎಲ್ಲರೂ ಸಹಿ ಹಾಕಿದ ಮೇಲೂ ಯಂತ್ರಗಳು ಒಂದಕ್ಕೊಂದು ಹೊಂದಲಿಲ್ಲವೇಕೆ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಕಲಬುರಗಿಯಲ್ಲಿ ಸಣ್ಣದೊಂದು ಆಟೊಮೇಷನ್ ಸಂಸ್ಥೆ ನಡೆಸುತ್ತಿದ್ದೇನೆ. ಕಳೆದ ವರ್ಷ ಯಾದಗಿರಿ ಕಡೆಯ ಒಂದು ದಾಲ್ ಮಿಲ್‌ಗೆ ಡ್ರೈಯರ್, ಕಾಳನ್ನು ಬಕೆಟ್‌ಗಳಲ್ಲಿ ಮೇಲೆತ್ತುವ ಎಲಿವೇಟರ್‌ಗಳು, ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಸಣ್ಣ ಕೈಗಾರಿಕಾ ಕಂಪ್ಯೂಟರ್) ನಿಯಂತ್ರಣ ಸೇರಿದಂತೆ ಹೊಸ ವ್ಯವಸ್ಥೆ ಮಾಡಿಕೊಟ್ಟೆವು. ಕಬ್ಬಿಣದ ಕೆಲಸ ಹುಮನಾಬಾದಿನ ವರ್ಕ್‌ಶಾಪಿನದು, ಪ್ಯಾನೆಲ್ ನಮ್ಮದು, ಪ್ರೋಗ್ರಾಂ ಬೆಂಗಳೂರಿನ ಇಬ್ಬರು ಹುಡುಗರದು, ತೇವಾಂಶದ ಸೆನ್ಸರ್ ಹೈದರಾಬಾದಿನ ವಿತರಕರದು. ನೂರಕ್ಕೂ ಹೆಚ್ಚು ಪುಟಗಳ ವಿವರಣೆ ಬರೆದು ಎಲ್ಲರಿಂದ ಸಹಿ ಪಡೆದಿದ್ದೆ. ವಾರಕ್ಕೊಮ್ಮೆ ವಿಡಿಯೊ ಸಭೆಯೂ ನಡೆಯುತ್ತಿತ್ತು. ಆದರೂ ಚಾಲನೆಯ ಸಮಯದಲ್ಲಿ ಒಂದರ ಹಿಂದೊಂದು ತೊಂದರೆ. ಸಾಹುಕಾರರ ಕೈ ಮೀಟರ್ ಕಾಳಿನ ತೇವಾಂಶ ಶೇ 10 ಎಂದರೆ ನಮ್ಮ ಪರದೆ 7.5 ತೋರಿಸುತ್ತಿತ್ತು. ಪ್ಯಾನೆಲ್ ಪರೀಕ್ಷಿಸುವಾಗ 12 ಮಿಲಿಆಂಪ್ ಕೊಟ್ಟು ನೋಡಿದ್ದೆವು, ಆಗ 15 ಎಂದು ಸರಿಯಾಗಿಯೇ ಬಂದಿತ್ತು. ಕೊನೆಗೆ ಪ್ರೋಗ್ರಾಮಿನಲ್ಲಿ 2.5 ಕೂಡಿಸಿ ಕೆಲಸ ಸಾಗಿಸಿದೆವು. ಕರೆಂಟ್ ಹೋಗಿ ಬಂದಾಗಲೆಲ್ಲ ಎಲಿವೇಟರಿನ ಬುಡದಲ್ಲಿ ಕಾಳು ತುಂಬಿ ಮೋಟಾರ್ ಟ್ರಿಪ್ ಆಗುತ್ತಿತ್ತು. ಒಮ್ಮೆ ಎಮರ್ಜೆನ್ಸಿ ಗುಂಡಿ ಒತ್ತಿದಾಗ ಬ್ಲೋವರ್ ನಿಂತಿತು, ಕುಲುಮೆಯ ಬಿಸಿ ನಿಲ್ಲಲಿಲ್ಲ, ಡ್ರೈಯರಿನೊಳಗಿದ್ದ ಕಾಳು ಕಪ್ಪಾಯಿತು. ಈಗ ಕಪನೂರ ಕೈಗಾರಿಕಾ ಪ್ರದೇಶದ ಇನ್ನೊಂದು ಮಿಲ್‌ನ ಕೆಲಸ ಬಂದಿದೆ. ಹೊಸ ತೊಗರಿ ಬರುವಷ್ಟರಲ್ಲಿ ಮುಗಿಯಬೇಕು. ಸಭೆಗಳನ್ನು ಹೆಚ್ಚಿಸಲೇ? ವ್ಯವಸ್ಥೆಯನ್ನು ಮಾದರಿಯಾಗಿ ಬಿಡಿಸುವ ದುಬಾರಿ ಸಾಫ್ಟ್‌ವೇರ್ ಕೊಳ್ಳಲೇ? ಮೊದಲೇ ಪರೀಕ್ಷೆ ಮಾಡೋಣವೆಂದರೆ ‘ಅದಕ್ಕೆ ನಾನೇಕೆ ದುಡ್ಡು ಕೊಡಲಿ’ ಎನ್ನುವ ಸಾಹುಕಾರರಿಗೆ ಏನು ಹೇಳಲಿ?

ಉತ್ತರ: ಮೊದಲು ತುರ್ತಿನ ಮಾತು. ಆ ಹಳೆಯ ಮಿಲ್‌ನಲ್ಲಿ ಕೂಡಿಸಿರುವ 2.5ನ್ನು ಈ ಹಂಗಾಮಿಗೆ ಮುಂಚೆಯೇ ತೆಗೆಸಿ. ಕಾರಣ ನೀವು ಬರೆದ ಅಂಕಿಗಳಲ್ಲೇ ಇದೆ. 12 ಮಿಲಿಆಂಪಿಗೆ 15 ಸರಿಯಾಗಿ ಬಂದು, ಶೇ 10ರ ಕಾಳಿಗೆ 7.5 ಬರುತ್ತದೆ ಎಂದರೆ ನಿಮ್ಮ ಸೆನ್ಸರಿನ ವ್ಯಾಪ್ತಿ 5ರಿಂದ 25, ಪ್ರೋಗ್ರಾಮಿನಲ್ಲಿ ಬರೆದ ವ್ಯಾಪ್ತಿ 0ಯಿಂದ 30 ಆಗಿರುವ ಸಾಧ್ಯತೆ ಬಹಳ ಹೆಚ್ಚು. ಸೆನ್ಸರ್ ತನ್ನ ವ್ಯಾಪ್ತಿಯ ಕನಿಷ್ಠಕ್ಕೆ 4, ಗರಿಷ್ಠಕ್ಕೆ 20 ಮಿಲಿಆಂಪ್ ಕರೆಂಟ್ ಕಳಿಸುತ್ತದೆ; ಈ ಸಂಕೇತದಲ್ಲಿ 12 ಎಂಬುದು ನಟ್ಟನಡುವಿನ ಬಿಂದು. ಎರಡೂ ವ್ಯಾಪ್ತಿಗಳ ನಡುಬಿಂದು 15. ಹಾಗಾಗಿ ನೀವು ಪರೀಕ್ಷಿಸಿದ ಆ ಒಂದೇ ಬಿಂದುವಿನಲ್ಲಿ ತಪ್ಪು ಕಾಣಿಸಲು ಸಾಧ್ಯವೇ ಇರಲಿಲ್ಲ. ಕಾಳು ಶೇ 10 ಇದ್ದಾಗ ಸೆನ್ಸರ್ 8 ಮಿಲಿಆಂಪ್ ಕಳಿಸುತ್ತದೆ, ಪ್ರೋಗ್ರಾಂ ಅದನ್ನು 7.5 ಎಂದು ಓದುತ್ತದೆ. ಕಾಳು ಶೇ 20 ಇದ್ದರೆ 22.5 ಎಂದು ಓದುತ್ತದೆ. ನೀವು 2.5 ಕೂಡಿಸಿದ್ದರಿಂದ 10ರ ಕಾಳಿಗೆ ಪರದೆ ಸರಿಹೋಯಿತು, 20ರ ಕಾಳಿಗೆ ಈಗ 25 ತೋರಿಸುತ್ತದೆ. ನೀರು ಹಾಕಿ ಹದಗೊಳಿಸಿದ ಕಾಳು ಡ್ರೈಯರಿಗೆ ಬರುವ ಹಂತದಲ್ಲಿ ಈ ಅಂಕಿಯನ್ನೇ ನಂಬಿ ಬಿಸಿಯನ್ನು ನಿಯಂತ್ರಿಸುತ್ತಿದ್ದರೆ ಕಾಳು ಅತಿಯಾಗಿ ಒಣಗಿ ಒಡೆಯುತ್ತದೆ, ನುಚ್ಚು ಹೆಚ್ಚುತ್ತದೆ. ಸೆನ್ಸರಿನ ಮೇಲಿರುವ ಫಲಕವನ್ನು ನೋಡಿ, ಪ್ರೋಗ್ರಾಮಿನ ವ್ಯಾಪ್ತಿಯನ್ನು ತಿದ್ದಿಸಿ, ಆಮೇಲೆ 4, 8, 12, 16, 20 ಈ ಐದೂ ಬಿಂದುಗಳಲ್ಲಿ ಪರೀಕ್ಷಿಸಿ.

ಕುಲುಮೆಯ ವಿಷಯ ಇದಕ್ಕಿಂತ ಗಂಭೀರ. ಹೊಟ್ಟು ಉರಿಸುವ ಕುಲುಮೆಯನ್ನು ಗುಂಡಿ ಒತ್ತಿ ಆರಿಸಲಾಗುವುದಿಲ್ಲ. ಮೋಟಾರ್ ನಿಂತ ಮೇಲೂ ಬಿಸಿ ಬರುತ್ತಲೇ ಇರುತ್ತದೆ, ಸುತ್ತ ಹೊಟ್ಟಿನ ದೂಳು ಇರುತ್ತದೆ. ನಿಮಗೆ ಕಾಳು ಮಾತ್ರ ಕಪ್ಪಾಯಿತು, ಬೆಂಕಿ ಹೊತ್ತಿಕೊಳ್ಳಬಹುದಿತ್ತು. ಬ್ಲೋವರ್ ಯಾವ ಕಾರಣಕ್ಕೆ ನಿಂತರೂ ಕುಲುಮೆಯ ಬಿಸಿಗಾಳಿ ಡ್ರೈಯರಿಗೆ ಹೋಗದೆ ನೇರವಾಗಿ ಚಿಮಣಿಯತ್ತ ತಿರುಗುವಂತೆ ಒಂದು ಕವಾಟ ಬೇಕು. ಕರೆಂಟ್ ಇಲ್ಲದಾಗ ತನ್ನ ಭಾರದಿಂದ ತಾನೇ ಆ ಕಡೆಗೆ ಬೀಳುವಂತೆ ಅದನ್ನು ಮಾಡಿಸಬೇಕು. ಇದು ಪ್ರೋಗ್ರಾಮಿನಿಂದ ಆಗುವ ಕೆಲಸವಲ್ಲ, ಹುಮನಾಬಾದಿನವರೇ ಮಾಡಿಕೊಡಬೇಕು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಈ ಮೂರೂ ತೊಂದರೆಗಳಲ್ಲಿ ಯಾರ ಕೆಲಸವೂ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿದಿರಾ? ಸೆನ್ಸರ್ ಸರಿಯಾಗಿಯೇ ಅಳೆಯುತ್ತಿತ್ತು. ಎಲಿವೇಟರ್ ತನ್ನ ಲೆಕ್ಕದ ಪ್ರಕಾರವೇ ಕಾಳು ಎತ್ತುತ್ತಿತ್ತು. ಎಮರ್ಜೆನ್ಸಿ ಗುಂಡಿ ಒತ್ತಿದರೆ ಎಲ್ಲ ಮೋಟಾರುಗಳೂ ನಿಲ್ಲಬೇಕು ಎಂದು ದಾಖಲೆಯಲ್ಲಿತ್ತು, ಪ್ರೋಗ್ರಾಂ ಅದನ್ನೇ ಮಾಡಿತು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಶುರುವಾಗುವ ಗಡಿಯಲ್ಲಿ ತಪ್ಪುಗಳು ಕುಳಿತಿದ್ದವು. ಆ ಗಡಿ ಯಾರ ಪಾಲಿಗೂ ಬಂದಿರಲಿಲ್ಲ.

ದೊಡ್ಡ ದಾಖಲೆ ಬರೆದು ಸಹಿ ಹಾಕಿಸಿದರೆ ಎಲ್ಲರೂ ಒಂದೇ ರೀತಿ ಅರ್ಥಮಾಡಿಕೊಂಡರು ಎಂಬ ನಂಬಿಕೆ ಎಲ್ಲೆಡೆ ಇದೆ, ದೊಡ್ಡ ಸಂಸ್ಥೆಗಳಲ್ಲೂ ಇದೆ. ನಡೆಯುವುದು ಬೇರೆ. ವರ್ಕ್‌ಶಾಪಿನವರು ಕಬ್ಬಿಣದ ಅಧ್ಯಾಯವನ್ನಷ್ಟೇ ಓದುತ್ತಾರೆ, ಪ್ರೋಗ್ರಾಂ ಬರೆಯುವವರು ಯಂತ್ರಗಳು ಚಾಲೂ ಆಗುವ, ನಿಲ್ಲುವ ಅನುಕ್ರಮದ ಅಧ್ಯಾಯವನ್ನಷ್ಟೇ ಓದುತ್ತಾರೆ. ‘ಕಾಳು ತುಂಬಿದ ಎಲಿವೇಟರನ್ನು ಮತ್ತೆ ಚಾಲೂ ಮಾಡುವುದು’ ಎಂಬುದಕ್ಕೆ ಅಧ್ಯಾಯವೇ ಇರುವುದಿಲ್ಲ, ಏಕೆಂದರೆ ಅದು ಇಬ್ಬರಿಗೂ ಸೇರಿದ್ದು. ವರ್ಕ್‌ಶಾಪಿನವರು ಕಾಳು ಒಂದೇ ಸಮ ಬೀಳುತ್ತದೆ ಎಂದುಕೊಂಡು ಮೋಟಾರನ್ನು ಆಯ್ಕೆ ಮಾಡಿದರು. ಪ್ರೋಗ್ರಾಂ ಬರೆದವರು ಯಂತ್ರಗಳು ಖಾಲಿ ಇರುತ್ತವೆ ಎಂದುಕೊಂಡು ಅನುಕ್ರಮ ಬರೆದರು. ಮುಂದಿನ ಯಂತ್ರ ಮೊದಲು ಚಾಲೂ ಆಗಬೇಕು, ನಿಲ್ಲಿಸುವಾಗ ಹಿಂದಿನದು ಮೊದಲು ನಿಲ್ಲಬೇಕು ಎಂಬ ನಿಯಮ ಅವರಿಬ್ಬರಿಗೂ ಗೊತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಕರೆಂಟ್ ಹೋದರೆ ಆ ಕ್ರಮವೇ ನಡೆಯುವುದಿಲ್ಲ. ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ, ಬಕೆಟ್‌ಗಳಲ್ಲಿದ್ದ ಕಾಳು, ಮೇಲಿನ ಕೊಳವೆಯ ಕಾಳು ಎಲ್ಲವೂ ಬುಡಕ್ಕೆ ಬಂದು ಕೂರುತ್ತದೆ. ಮಿಲ್‌ನ ಮಿಸ್ತ್ರಿಯನ್ನು ಕೇಳಿದ್ದರೆ ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅವರ ಸಹಿ ನಿಮ್ಮ ದಾಖಲೆಯಲ್ಲಿ ಇರಲಿಲ್ಲ, ಅಲ್ಲವೇ?

ಸಹಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1981ರ ಜುಲೈ 17ರಂದು ಅಮೆರಿಕದ ಕನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಕಾಲುಸೇತುವೆಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಮೇಲಿನ ಮತ್ತು ಕೆಳಗಿನ ಸೇತುವೆಗಳೆರಡೂ ಛಾವಣಿಯಿಂದ ಇಳಿದ ಒಂದೇ ಉದ್ದನೆಯ ಸರಳಿಗೆ ತೂಗಬೇಕಿತ್ತು. ಅಷ್ಟು ಉದ್ದಕ್ಕೂ ನಟ್ಟು ಕೂರುವ ತಿರುಪಿನ ಗೆರೆ ಕೊರೆದ ಸರಳು ಮಾಡುವುದು ಕಷ್ಟವೆಂದು ಕಬ್ಬಿಣದ ಕೆಲಸದವರು ಅದನ್ನು ಎರಡು ತುಂಡು ಮಾಡಿದರು. ಮೇಲಿನ ಸೇತುವೆ ಛಾವಣಿಗೆ, ಕೆಳಗಿನ ಸೇತುವೆ ಮೇಲಿನ ಸೇತುವೆಗೆ. ನೋಡಲು ಸಣ್ಣ ಬದಲಾವಣೆ. ಆದರೆ ಮೇಲಿನ ಸೇತುವೆಯ ನಟ್ಟಿನ ಮೇಲೆ ಬೀಳುವ ಭಾರ ಇಮ್ಮಡಿಯಾಯಿತು. ಆ ನಕಾಶೆಗೂ ಒಪ್ಪಿಗೆ ಸಿಕ್ಕಿತ್ತು, ಲೆಕ್ಕವನ್ನು ಮಾತ್ರ ಯಾರೂ ಮತ್ತೆ ಹಾಕಿರಲಿಲ್ಲ. ಹುಮನಾಬಾದಿನಲ್ಲಿ ಕೊಳವೆಯ ಓರೆಯನ್ನು ಸ್ವಲ್ಪ ಬದಲಿಸಿದಾಗ, ಪುಲ್ಲಿಯ ಅಳತೆ ಸಿಗದೆ ಪಕ್ಕದ ಅಳತೆಯದನ್ನು ಹಾಕಿದಾಗ ನಿಮಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಫೋಟೊ ಬಂದಿರುತ್ತದೆ, ನೀವು ಹೆಬ್ಬೆರಳಿನ ಚಿಹ್ನೆ ಕಳಿಸಿರುತ್ತೀರಿ. ಅದೂ ಒಪ್ಪಿಗೆಯೇ. ಯಾವ ಬದಲಾವಣೆಗೆ ಯಾವ ಲೆಕ್ಕವನ್ನು ಮತ್ತೆ ಹಾಕಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಮಾತ್ರ ಆ ಒಪ್ಪಿಗೆಗೆ ಬೆಲೆ.

ಸಭೆ ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ವಾರದ ಸಭೆಯಲ್ಲಿ ಜನ ಹೇಳುವುದು ತಮ್ಮ ಪ್ರಗತಿಯನ್ನು: ಪ್ಯಾನೆಲ್ ಶೇ 80 ಆಗಿದೆ, ಪ್ರೋಗ್ರಾಂ ಮುಂದಿನ ವಾರ ಮುಗಿಯುತ್ತದೆ. ತಾವು ಮನಸ್ಸಿನಲ್ಲಿ ಏನನ್ನು ಅಂದುಕೊಂಡು ಕೆಲಸ ಮಾಡುತ್ತಿದ್ದೇವೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅವರು ಬಚ್ಚಿಡುತ್ತಿದ್ದಾರೆ ಎಂದಲ್ಲ. ಅಂದುಕೊಂಡದ್ದು ಅವರಿಗೆ ಅಷ್ಟು ಸಹಜವಾಗಿರುವುದರಿಂದ ಅದು ಹೇಳಬೇಕಾದ ವಿಷಯ ಎಂದೇ ತೋರುವುದಿಲ್ಲ. ತೇವಾಂಶದ ಲೆಕ್ಕವನ್ನೇ ನೋಡಿ. ನೂರು ಕಿಲೊ ಕಾಳಿನಲ್ಲಿ 12 ಕಿಲೊ ನೀರಿದ್ದರೆ ಮಾರುಕಟ್ಟೆಯ ಮೀಟರ್ ಶೇ 12 ಎನ್ನುತ್ತದೆ. ಡ್ರೈಯರ್ ವಿನ್ಯಾಸ ಮಾಡುವವರಲ್ಲಿ ಹಲವರು ಆ 12ನ್ನು ಉಳಿದ 88 ಕಿಲೊ ಒಣ ಪದಾರ್ಥಕ್ಕೆ ಭಾಗಿಸಿ ಶೇ 13.6 ಎನ್ನುತ್ತಾರೆ. ಇಬ್ಬರೂ ಸರಿ. ಸಭೆಯಲ್ಲಿ ಇಬ್ಬರೂ ‘12ಕ್ಕೆ ತರೋಣ’ ಎಂದು ತಲೆಯಾಡಿಸಿ ಎದ್ದು ಹೋಗುತ್ತಾರೆ. ಹೊಸ ಕೆಲಸದಲ್ಲಿ ನೀವು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯಗಳಲ್ಲಿ ಇದೂ ಒಂದು.

ಇಂಥ ಬಿರುಕುಗಳು ತಂಡದ ರಚನೆಯಿಂದಲೇ ಹುಟ್ಟುತ್ತವೆ. ಒಂದು ಸಂಸ್ಥೆಯ ಮಾತುಕತೆಯ ರಚನೆ ಹೇಗಿರುತ್ತದೆಯೋ ಅದು ತಯಾರಿಸುವ ವ್ಯವಸ್ಥೆಯೂ ಹಾಗೆಯೇ ಆಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ತಜ್ಞ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ನಿಮ್ಮಲ್ಲಿ ಹುಮನಾಬಾದಿನವರು ಬೆಂಗಳೂರಿನವರೊಂದಿಗೆ ನೇರವಾಗಿ ಮಾತನಾಡುವುದಿಲ್ಲ, ಎಲ್ಲವೂ ನಿಮ್ಮ ಮೂಲಕ ಹೋಗುತ್ತದೆ. ಎಲಿವೇಟರಿಗೂ ಪ್ರೋಗ್ರಾಮಿಗೂ ನಡುವೆ ಬಿರುಕು ಬಿಟ್ಟದ್ದು ಅಲ್ಲಿಯೇ. ನಿಮ್ಮ ಮೇಲೆ ದೋಷ ಹೊರಿಸುತ್ತಿಲ್ಲ. ಸಣ್ಣ ಸಂಸ್ಥೆಯಲ್ಲಿ ಒಬ್ಬರೇ ಎಲ್ಲ ಎಳೆಗಳನ್ನೂ ಹಿಡಿದಿರುವುದು ಸಹಜ. ಆದರೆ ಎಂಟು ಭಾಗಗಳ ವ್ಯವಸ್ಥೆಯಲ್ಲಿ ಎರಡೆರಡರ ಜೋಡಿ 28 ಆಗುತ್ತವೆ. ಹನ್ನೆರಡಕ್ಕೆ ಏರಿದರೆ 66. ಇಷ್ಟನ್ನೂ ಒಬ್ಬರ ತಲೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ.

ಹಳೆಯದೊಂದು ಭಾಗ ಚೆನ್ನಾಗಿ ಕೆಲಸ ಮಾಡಿದೆ ಎಂದು ಪರೀಕ್ಷೆಯಿಲ್ಲದೆ ಹೊಸದಕ್ಕೆ ಒಯ್ಯುವುದು ಇನ್ನೊಂದು ದೊಡ್ಡ ಕಾರಣ. ಯುರೋಪಿನ ಏರಿಯಾನ್ 5 ರಾಕೆಟ್ 1996ರ ಜೂನ್ 4ರಂದು ತನ್ನ ಮೊದಲ ಹಾರಾಟದಲ್ಲೇ, ಮೇಲೆದ್ದ ಒಂದು ನಿಮಿಷದೊಳಗೆ ಛಿದ್ರವಾಯಿತು. ದಿಕ್ಕು ಹೇಳುವ ಸಾಧನದ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ಎತ್ತಿಕೊಂಡಿದ್ದರು. ಹೊಸ ರಾಕೆಟ್ಟಿನ ಅಡ್ಡದಿಕ್ಕಿನ ವೇಗ ಹಳೆಯದಕ್ಕಿಂತ ಹೆಚ್ಚು. ಆ ಸಂಖ್ಯೆ 16 ಬಿಟ್‌ಗಳ ಜಾಗದಲ್ಲಿ ಹಿಡಿಯಲಿಲ್ಲ. ಸಾಧನ ಕೈಕೊಟ್ಟಿತು, ಅದೇ ಸಾಫ್ಟ್‌ವೇರ್ ಇದ್ದ ಬದಲಿ ಸಾಧನವೂ ಕೈಕೊಟ್ಟಿತು. ಹೊಸ ರಾಕೆಟ್ಟಿನ ನಿಜವಾದ ಪಥವನ್ನು ಆ ಸಾಧನಕ್ಕೆ ಉಣಿಸಿ ನೆಲದ ಮೇಲೆ ಒಮ್ಮೆ ಪರೀಕ್ಷಿಸಿದ್ದರೆ ತಪ್ಪು ಸಿಗುತ್ತಿತ್ತು. ನೀವೂ ಯಾದಗಿರಿಯ ಪ್ರೋಗ್ರಾಮನ್ನೇ ಕಪನೂರಿಗೆ ಒಯ್ಯುವ ಯೋಚನೆಯಲ್ಲಿ ಇರಬಹುದು. ಒಯ್ಯಿರಿ, ತಪ್ಪಿಲ್ಲ. ಆದರೆ ಅದು ಎಲ್ಲಿ ಏನನ್ನು ಅಂದುಕೊಂಡಿದೆ ಎಂದು ಸಾಲುಸಾಲಾಗಿ ಓದಿದ ಮೇಲೆ ಒಯ್ಯಿರಿ.

ಹಾಗಾದರೆ ಮಾಡಬೇಕಾದದ್ದೇನು? ಮಾತುಕತೆ ಬೇರೆ, ಪರೀಕ್ಷೆ ಬೇರೆ ಎಂದು ವಿಂಗಡಿಸುವುದನ್ನು ಬಿಡುವುದೇ ನನ್ನ ಮೊದಲ ಸಲಹೆ. ಎದುರಿಗೆ ಮುಟ್ಟಿ ನೋಡುವಂಥ ವಸ್ತು ಇದ್ದಾಗ ಜನ ಆಡುವ ಮಾತೇ ಬೇರೆಯಾಗುತ್ತದೆ. ದಾಖಲೆಯ ಮುಂದೆ ಸುಮ್ಮನೆ ಕುಳಿತವರು, ದೀಪ ಹೊತ್ತುವ ಒಂದು ಪ್ಯಾನೆಲ್ ಮುಂದೆ ‘ಇದು ಹೀಗಾದರೆ ಏನು?’ ಎಂದು ಕೇಳತೊಡಗುತ್ತಾರೆ. ಆ ಪ್ರಶ್ನೆಗಳು ಡಿಸೆಂಬರಿನ ಬದಲು ಸೆಪ್ಟೆಂಬರಿನಲ್ಲಿ ಬರುವಂತೆ ಮಾಡುವುದು ನಿಮ್ಮ ಕೆಲಸ.

ಅತಿ ಅಗ್ಗದ ದಾರಿಯಿಂದ ಶುರುಮಾಡೋಣ. 28 ಜೋಡಿಗಳಲ್ಲಿ ನಿಜವಾಗಿ ಒಂದನ್ನೊಂದು ಮುಟ್ಟುವವು ಹತ್ತು ಹನ್ನೆರಡು ಇರಬಹುದು. ಪ್ರತಿಯೊಂದಕ್ಕೂ ಒಂದೇ ಪುಟ. ಆ ಗಡಿಯನ್ನು ದಾಟಿ ಏನು ಹೋಗುತ್ತದೆ: ಕಾಳೋ, ಬಿಸಿಯೋ, ಕರೆಂಟೋ, ಸಂಕೇತವೋ, ಎಷ್ಟು, ಯಾವ ಅಳತೆಯಲ್ಲಿ, ಅತಿ ಹೆಚ್ಚು ಎಷ್ಟು, ನಿಂತುಹೋದರೆ ಏನಾಗಬೇಕು. ಇಲ್ಲಿ ಒಂದು ಪಟ್ಟು ಹಿಡಿಯಿರಿ: ಎರಡೂ ಕಡೆಯವರು ಆ ಪುಟವನ್ನು ಬೇರೆ ಬೇರೆಯಾಗಿ, ಒಬ್ಬರದನ್ನೊಬ್ಬರು ನೋಡದೆ ತುಂಬಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಒಬ್ಬರು 5ರಿಂದ 25 ಎಂದೂ ಇನ್ನೊಬ್ಬರು 0ಯಿಂದ 30 ಎಂದೂ ಬರೆದಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ನೀವೇ ತುಂಬಿ ಸಹಿಗೆ ಕಳಿಸಿದರೆ ಇದು ಸಿಗುವುದಿಲ್ಲ, ಇಬ್ಬರೂ ನಿಮ್ಮನ್ನು ನಂಬಿ ಸಹಿ ಹಾಕುತ್ತಾರೆ. ಯಂತ್ರಗಳ ನಡುವೆ ಮಾಡ್‌ಬಸ್ (ಯಂತ್ರಗಳು ತಂತಿಯ ಮೇಲೆ ಮಾಹಿತಿ ಹಂಚಿಕೊಳ್ಳುವ ಒಂದು ಕ್ರಮ) ಮೂಲಕ ಅಂಕಿಗಳು ಓಡಾಡುತ್ತಿದ್ದರೆ, ಅಂಕಿ ಇರುವ ಖಾನೆಯ, ಅಂದರೆ ರಿಜಿಸ್ಟರಿನ, ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ, ದಶಮಾಂಶ ಸಂಖ್ಯೆಯ ಎರಡು ಭಾಗಗಳಲ್ಲಿ ಯಾವುದು ಮೊದಲು ಎಂಬುದನ್ನೂ ಬರೆಸಿ. ತೂಕದ ಯಂತ್ರವನ್ನು ಜೋಡಿಸುವಾಗ ಇವೆರಡೂ ತಪ್ಪುವುದು ಮಾಮೂಲು. ಈ ಪುಟಗಳಿಗಿರುವ ಅಪಾಯವೆಂದರೆ ಅವು ಬೇಗ ಹಳತಾಗುತ್ತವೆ. ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರರ ಹೆಸರಿರಲಿ. ಆ ಗಡಿಯನ್ನು ಮುಟ್ಟುವ ಯಾವ ಬದಲಾವಣೆಗೂ ಅವರು ಪುಟವನ್ನು ತಿದ್ದಿದ ಮೇಲೆಯೇ ಒಪ್ಪಿಗೆ.

ಜೊತೆಜೊತೆಗೆ ಪರದೆಯ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಮಿಸ್ತ್ರಿಯ ಮುಂದೆ ಇಡಿ. ಪ್ರೋಗ್ರಾಂ ಬರೆಯುವುದಕ್ಕೂ ಮುಂಚೆ ಇಡಿ. ‘ಎರಡನೇ ಎಲಿವೇಟರ್ ನಿಂತಿತು, ಈಗ ಏನು ಒತ್ತುತ್ತೀರಿ?’ ಎಂದು ಕೇಳಿ, ಅವರು ಬೆರಳಿಟ್ಟ ಜಾಗವನ್ನು ಗುರುತುಮಾಡಿಕೊಳ್ಳಿ. ನೀವು ಎಂ-07 ಎಂದು ಕರೆದ ಮೋಟಾರಿಗೆ ಅವರಲ್ಲಿ ಬೇರೆಯೇ ಹೆಸರಿರುತ್ತದೆ. ಎಚ್ಚರಿಕೆಯ ಸಂದೇಶ ಅವರು ಓದಬಲ್ಲ ಭಾಷೆಯಲ್ಲಿ, ಅವರು ಬಳಸುವ ಹೆಸರಿನಲ್ಲಿ ಬರಬೇಕು. ಇದಕ್ಕೆ ಖರ್ಚಾಗುವುದು ಒಂದು ಮಧ್ಯಾಹ್ನ ಮತ್ತು ಹತ್ತಾರು ಹಾಳೆ. ಅಪಾಯವೂ ಇಲ್ಲದಿಲ್ಲ. ಸಾಹುಕಾರರು ಪಕ್ಕದಲ್ಲಿ ಕುಳಿತಿದ್ದರೆ ಮಿಸ್ತ್ರಿ ಎಲ್ಲದಕ್ಕೂ ‘ಬರೋಬ್ಬರಿ ಇದೆ’ ಎನ್ನುತ್ತಾರೆ. ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿ.

ಆಮೇಲಿನದು ಮೇಜಿನ ಮೇಲಿನ ಪರೀಕ್ಷೆ. ಯಂತ್ರಗಳು ತಯಾರಾಗುವವರೆಗೆ ಕಾಯಬೇಡಿ. ನಿಮ್ಮ ಪಿಎಲ್‌ಸಿ, ಪರದೆ, ಒಂದು ನಿಜವಾದ ಸೆನ್ಸರ್, ಮೋಟಾರುಗಳ ಬದಲು ದೀಪಗಳು, ಮಿತಿ ಸ್ವಿಚ್‌ಗಳ ಬದಲು ಕೈಯಿಂದ ಒತ್ತುವ ಗುಂಡಿಗಳು, ಮಿಲಿಆಂಪ್ ಕೊಡುವ ಒಂದು ಉಪಕರಣ. ಬೆಂಗಳೂರಿನ ಹುಡುಗರನ್ನು ಕಲಬುರಗಿಗೆ ಕರೆಸಿಕೊಳ್ಳಿ, ಹುಮನಾಬಾದಿನವರಲ್ಲಿ ಒಬ್ಬರಾದರೂ ಬರಲಿ. ಸರಿಯಾಗಿ ನಡೆಯುವುದನ್ನು ನೋಡಿ ಸಮಾಧಾನಪಡಲು ಈ ದಿನವನ್ನು ಬಳಸಬೇಡಿ, ಕೆಡಿಸಿ ನೋಡಲು ಬಳಸಿ. ಸೆನ್ಸರಿನ ತಂತಿ ಕಿತ್ತುಹಾಕಿ. 4 ಮಿಲಿಆಂಪಿನಿಂದ ಶುರುವಾಗುವ ಸಂಕೇತದ ದೊಡ್ಡ ಅನುಕೂಲವೇ ಇದು: ಸೊನ್ನೆ ಬಂದರೆ ತಂತಿ ಹೋಗಿದೆ ಎಂದು ಗೊತ್ತಾಗಬೇಕು. ನಿಮ್ಮ ಪ್ರೋಗ್ರಾಂ ಅದನ್ನು ‘ಕಾಳು ತೀರಾ ಒಣಗಿದೆ’ ಎಂದು ಓದಿದರೆ ಆಗಲೇ ತಿಳಿಯುತ್ತದೆ. ನಡುವೆ ಕರೆಂಟ್ ತೆಗೆಯಿರಿ, ಅರ್ಧ ನಿಮಿಷ ಬಿಟ್ಟು ಕೊಡಿ, ಎರಡು ಸೆಕೆಂಡ್ ಬಿಟ್ಟು ಕೊಡಿ. ಜನರೇಟರಿಗೆ ಬದಲಾದಾಗ ಯಾವ ಮೋಟಾರುಗಳು ಮಾತ್ರ ಓಡಬೇಕು ಎಂದು ಕೇಳಿ. ನೇರವಾಗಿ ಚಾಲೂ ಆಗುವ ಮೋಟಾರ್ ಆರಂಭದಲ್ಲಿ ತನ್ನ ಪೂರ್ಣಭಾರದ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ, ಎಲ್ಲವೂ ಒಮ್ಮೆಲೇ ಎದ್ದರೆ ಜನರೇಟರ್ ತಡೆಯುವುದಿಲ್ಲ. ಈ ಪರೀಕ್ಷೆಯ ಅಪಾಯವೆಂದರೆ ಸುಳ್ಳು ಧೈರ್ಯ. ದೀಪಗಳು ಕ್ರಮವಾಗಿ ಹೊತ್ತಿದವು ಎಂದರೆ ತರ್ಕ ಸರಿಯಿದೆ ಎಂದಷ್ಟೇ ಅರ್ಥ. ದೀಪಕ್ಕೆ ಭಾರವಿಲ್ಲ, ದೂಳಿಲ್ಲ.

ಆದ್ದರಿಂದ ಕಾಳಿನ ಪರೀಕ್ಷೆ ಬೇಕೇ ಬೇಕು. ಇದು ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಹೆಚ್ಚು ಕಲಿಸುವುದೂ ಇದೇ. ಇಡೀ ಮಿಲ್ ಬೇಡ. ಒಂದು ಎಲಿವೇಟರ್, ಡ್ರೈಯರಿನ ಒಂದು ಭಾಗ, ನಿಜವಾದ ಸೆನ್ಸರ್, ನಿಜವಾದ ಪ್ಯಾನೆಲ್, ನಿಜವಾದ ತೊಗರಿ. ಎಲ್ಲವನ್ನೂ ಹುಮನಾಬಾದಿನ ವರ್ಕ್‌ಶಾಪಿನಲ್ಲೇ ಸೇರಿಸಿ ಓಡಿಸಿ. ಒಂದೇ ತಳಿಯ ಕಾಳು ತರಬೇಡಿ. ಮಾರುತಿ, ಟಿಎಸ್-3ಆರ್, ಜಿಆರ್‌ಜಿ-811 ಎಲ್ಲವೂ ನಮ್ಮ ಭಾಗದ ಮಿಲ್‌ಗಳಿಗೆ ಬರುತ್ತವೆ, ಕಾಳಿನ ಗಾತ್ರ, ಸಿಪ್ಪೆಯ ಹಿಡಿತ ಒಂದೇ ಸಮ ಇರುವುದಿಲ್ಲ. ಹಳೆಯ ದಾಸ್ತಾನಿನ ಕಾಳು, ಎಣ್ಣೆ ನೀರು ಹಾಕಿ ಹದಗೊಳಿಸಿದ ಕಾಳು ಎರಡನ್ನೂ ಹಾಕಿ. ಎಣ್ಣೆ ಹತ್ತಿದ ಕಾಳು ಕೊಳವೆಯಲ್ಲಿ ಒಣ ಕಾಳಿನಂತೆ ಜಾರುವುದಿಲ್ಲ, ಕೊಳವೆಯ ಓರೆಯ ಲೆಕ್ಕ ತಪ್ಪುವುದು ಇಲ್ಲಿಯೇ. ಎಲಿವೇಟರ್ ಓಡುತ್ತಿರುವಾಗಲೇ ಮೇನ್ ಸ್ವಿಚ್ ತೆಗೆದು, ಬುಡ ತುಂಬಿದ ಸ್ಥಿತಿಯಲ್ಲಿ ಮತ್ತೆ ಎಬ್ಬಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಬುಡಕ್ಕೆ ಒಂದು ಬಾಗಿಲು ಇಡಿಸುವುದೋ, ಮೋಟಾರ್ ಬದಲಿಸುವುದೋ ಆಗಲೇ ತೀರ್ಮಾನವಾಗಲಿ. ಪ್ಯಾನೆಲನ್ನು ಬಿಸಿಲಿಗೆ ಕಾದ ತಗಡಿನ ಕೆಳಗೆ ಇಟ್ಟು ಓಡಿಸಿ. ಮೋಟಾರಿನ ವೇಗ ನಿಯಂತ್ರಿಸುವ ಬಹುತೇಕ ಡ್ರೈವ್‌ಗಳ ಪೂರ್ಣ ಸಾಮರ್ಥ್ಯವನ್ನು 40 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಕಲಬುರಗಿಯ ಬೇಸಿಗೆ ಹೊರಗೇ ಅದನ್ನು ದಾಟುತ್ತದೆ, ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ನೀವು ಚಳಿಗಾಲದಲ್ಲಿ ಚಾಲನೆ ಕೊಡುತ್ತೀರಿ, ತೊಂದರೆ ಏಪ್ರಿಲ್‌ನಲ್ಲಿ ಬರುತ್ತದೆ. ಈ ಪರೀಕ್ಷೆಯಿಂದ ಸಾಗಣೆ ತಡವಾಗಬಹುದು, ವರ್ಕ್‌ಶಾಪಿನವರು ಜಾಗ ಕೊಡಲು ಗೊಣಗಬಹುದು. ತಯಾರಿಕೆಗೆ ಆರ್ಡರ್ ಕೊಡುವಾಗಲೇ ಇದನ್ನು ಬರೆದಿಡಿ, ನಡುವೆ ಸೇರಿಸಲು ಹೋದರೆ ಜಗಳವಾಗುತ್ತದೆ.

ಬಿಡಿಬಿಡಿಯಾಗಿ, ಆದರೆ ನಿಜವಾದ ಸ್ಥಿತಿಗೆ ಹತ್ತಿರವಾಗಿ ಪರೀಕ್ಷಿಸುವ ಈ ಕ್ರಮ ದೊಡ್ಡ ಕೆಲಸಗಳಲ್ಲೂ ಇದೇ ರೀತಿ ನಡೆಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಫಲವಾದ ಮೇಲೆ ಇಸ್ರೊ ಚಂದ್ರಯಾನ-3ಕ್ಕಾಗಿ ಮಾಡಿದ ಪರೀಕ್ಷೆಗಳನ್ನು ನೋಡಿ. ಸೆನ್ಸರ್‌ಗಳೂ ಪಥದರ್ಶನವೂ ಸೇರಿ ಹೇಗೆ ನಡೆಯುತ್ತವೆ ಎಂದು ಹೆಲಿಕಾಪ್ಟರಿಗೆ ಕಟ್ಟಿ ನೋಡಿದರು. ಎಂಜಿನ್, ಸೆನ್ಸರ್, ನಿಯಂತ್ರಣ ಮೂರನ್ನೂ ಸೇರಿಸಿ ಎತ್ತರದ ಕ್ರೇನಿಗೆ ತೂಗುಹಾಕಿ ನೋಡಿದರು. ಚಂದ್ರನ ಮಣ್ಣನ್ನು ಹೋಲುವ ನೆಲದ ಮೇಲೆ ಲ್ಯಾಂಡರಿನ ಕಾಲುಗಳನ್ನು ಬೇರೆಯಾಗಿಯೇ ಪರೀಕ್ಷಿಸಿದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಅಳತೆಗೆ ಹಿಗ್ಗಿಸಿದರು. ಏನೇನು ಕೆಡಬಹುದು ಎಂಬಲ್ಲಿಂದ ವಿನ್ಯಾಸ ಶುರುಮಾಡಿದೆವು ಎಂದು ಅವರೇ ಹೇಳಿಕೊಂಡರು. 2023ರ ಆಗಸ್ಟ್ 23ರ ಇಳಿಕೆಯನ್ನು ನಾವೆಲ್ಲ ನೋಡಿದ್ದೇವೆ. ಕ್ರೇನಿಗೆ ತೂಗುಹಾಕಿದ ಆ ಪರೀಕ್ಷೆಗೂ ನಾನು ನಿಮಗೆ ಹೇಳುತ್ತಿರುವ ಒಂದು ಎಲಿವೇಟರಿನ ಪರೀಕ್ಷೆಗೂ ತತ್ವದಲ್ಲಿ ವ್ಯತ್ಯಾಸವಿಲ್ಲ.

ಮಾದರಿಯ ಸಾಫ್ಟ್‌ವೇರ್ ಬಗ್ಗೆ ಕೇಳಿದ್ದೀರಿ. ಈಗ ಬೇಡ. ಸಿಸ್‌ಎಂಎಲ್ (ವ್ಯವಸ್ಥೆಯ ಭಾಗಗಳನ್ನೂ ಅವುಗಳ ಸಂಬಂಧಗಳನ್ನೂ ಚಿತ್ರಗಳಲ್ಲಿ ಬರೆಯುವ ಭಾಷೆ) ಮಾದರಿಗಳು ನೂರಾರು ಭಾಗಗಳಿರುವ, ವರ್ಷಗಟ್ಟಲೆ ನಡೆಯುವ ಕೆಲಸಗಳಲ್ಲಿ ನಿಜಕ್ಕೂ ಉಪಯುಕ್ತ. ಒಂದು ಬದಲಾವಣೆ ಎಲ್ಲೆಲ್ಲಿ ಮುಟ್ಟುತ್ತದೆ ಎಂದು ಅವು ತೋರಿಸುತ್ತವೆ. ನಿಮ್ಮ ಗಾತ್ರದ ಕೆಲಸದಲ್ಲಿ ಅದನ್ನು ಓದಲು ಬರುವವರು ನೀವೊಬ್ಬರೇ ಆಗುತ್ತೀರಿ, ಹುಮನಾಬಾದಿನವರ ಪಾಲಿಗೆ ಅದು ಸಹಿ ಹಾಕಬೇಕಾದ ಇನ್ನೊಂದು ದಾಖಲೆ. ಮುಂದೆ ಒಂದೇ ಬಗೆಯ ಮಿಲ್‌ಗಳನ್ನು ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಸಾಲಾಗಿ ಮಾಡುವ ಕಾಲ ಬಂದರೆ ಮತ್ತೆ ಯೋಚಿಸಿ. ಯಂತ್ರವಿಲ್ಲದೆಯೇ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಲು ಪಿಎಲ್‌ಸಿ ಕಂಪನಿಗಳು ಕೊಡುವ ಸಿಮ್ಯುಲೇಟರನ್ನು ಮಾತ್ರ ಇಂದೇ ಬಳಸಿ.

ಎಲ್ಲವನ್ನೂ ಒಬ್ಬರೇ ತಯಾರಕರಿಗೆ ಒಪ್ಪಿಸಿಬಿಡುವುದೂ ಒಂದು ದಾರಿ. ಹೊಣೆ ಒಂದೇ ಕಡೆ ಇರುತ್ತದೆ ಎಂಬುದು ಅದರ ಲಾಭ. ಗಡಿಗಳು ಅವರ ಕಾರ್ಖಾನೆಯೊಳಗೆ ಮರೆಯಾಗುತ್ತವೆ, ಇಲ್ಲವಾಗುವುದಿಲ್ಲ. ಮುಂದೆ ಒಂದು ಸಣ್ಣ ತಿದ್ದುಪಡಿಗೂ ಅವರನ್ನೇ ಕಾಯಬೇಕು. ಹಂಗಾಮಿನ ನಡುವೆ ದೂರದ ಊರಿನಿಂದ ಎಂಜಿನಿಯರ್ ಬರುವವರೆಗೆ ಮಿಲ್ ನಿಲ್ಲಿಸುವುದು ನಮ್ಮ ಭಾಗದ ಮಾಲೀಕರಿಗೆ ಕಷ್ಟ. ನಿಮ್ಮಂಥ ಸ್ಥಳೀಯ ಸಂಸ್ಥೆಗೆ ಅವರು ಕೆಲಸ ಕೊಟ್ಟಿರುವುದೂ ಆ ಕಾರಣಕ್ಕೇ ಇರಬೇಕು.

ಇನ್ನು ಸಾಹುಕಾರರ ಮಾತು. ‘ನಾನೇಕೆ ದುಡ್ಡು ಕೊಡಲಿ’ ಎನ್ನುವುದರಲ್ಲಿ ಮೊಂಡುತನವಿಲ್ಲ. ಪರೀಕ್ಷೆ ಎಂದರೆ ನಿಮ್ಮ ಕಲಿಕೆಗೆ ತಾನು ಶುಲ್ಕ ಕಟ್ಟಿದಂತೆ ಎಂದು ಅವರಿಗೆ ಕಾಣುತ್ತಿದೆ. ವ್ಯವಸ್ಥೆ, ಸಂಕೇತ, ಅನುಕ್ರಮ ಎಂದು ವಿವರಿಸಲು ಹೋಗಬೇಡಿ. ಅವರು ದಿನವೂ ಹಾಕುವ ಲೆಕ್ಕವನ್ನೇ ಅವರ ಮುಂದಿಡಿ. ದಿನಕ್ಕೆ 200 ಕ್ವಿಂಟಲ್ ಕಾಳು ಓಡಿಸುವ ಮಿಲ್‌ನಲ್ಲಿ ತೇವಾಂಶದ ತಪ್ಪಿನಿಂದ ಶೇ 1ರಷ್ಟು ಹೆಚ್ಚು ನುಚ್ಚಾದರೂ ದಿನಕ್ಕೆ 2 ಕ್ವಿಂಟಲ್ ಬೇಳೆಯ ದರದಿಂದ ನುಚ್ಚಿನ ದರಕ್ಕೆ ಇಳಿಯುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಹೆಸರಿನಲ್ಲಿ ಮಾರಬೇಕೆನ್ನುವವರಿಗೆ ಅಂಚು ಮುರಿದ, ಬಣ್ಣ ಕಂದಿದ ಬೇಳೆ ಇನ್ನೂ ದೊಡ್ಡ ನಷ್ಟ. ಎರಡು ದರಗಳ ಅಂತರವನ್ನು ಅವರಿಗೇ ಗುಣಿಸಲು ಬಿಡಿ. ಪರೀಕ್ಷೆಗೆ ಬಳಸುವ ಹತ್ತಿಪ್ಪತ್ತು ಕ್ವಿಂಟಲ್ ಕಾಳು ಎಲ್ಲಿಯೂ ಹೋಗುವುದಿಲ್ಲ, ಒಣಗಿ ಮರಳಿ ಅವರ ಗೋದಾಮಿಗೇ ಬರುತ್ತದೆ ಎಂದೂ ತಿಳಿಸಿ. ಅವರು ಹೆಚ್ಚಾಗಿ ಅಂಜುವುದು ಅದಕ್ಕೇ.

ಪರೀಕ್ಷೆಗೆ ಪ್ರತ್ಯೇಕ ಮೊತ್ತವನ್ನು ಕೇಳಬೇಡಿ. ಒಟ್ಟು ಮೊತ್ತದೊಳಗೇ ಸೇರಿಸಿ, ಹಣ ಪಾವತಿಯ ಕಂತುಗಳನ್ನು ಪರೀಕ್ಷೆಗಳಿಗೆ ಕಟ್ಟಿಹಾಕಿ: ಮೇಜಿನ ಪರೀಕ್ಷೆ ಅವರ ಕಣ್ಣೆದುರು ಮುಗಿದ ಮೇಲೆ ಒಂದು ಕಂತು, ಹುಮನಾಬಾದಿನಲ್ಲಿ ಕಾಳು ಓಡಿದ ಮೇಲೆ ಇನ್ನೊಂದು, ಮಿಲ್‌ನಲ್ಲಿ ಚಾಲನೆಯಾದ ಮೇಲೆ ಉಳಿದದ್ದು. ಯಂತ್ರ ಬಂದಿಳಿದ ಕೂಡಲೇ ಹಣ ಎಂಬ ಈಗಿನ ಪದ್ಧತಿಯಲ್ಲಿ ಎಲ್ಲರಿಗೂ ಬೇಗ ಲಾರಿ ಹತ್ತಿಸುವ ಅವಸರ. ಈ ಏರ್ಪಾಟಿನಲ್ಲಿ ವರ್ಕ್‌ಶಾಪಿನವರಿಗೂ ಪರೀಕ್ಷೆ ಬೇಗ ಮುಗಿಯಲಿ ಎಂಬ ಆಸಕ್ತಿ ಹುಟ್ಟುತ್ತದೆ. ಅಪಾಯ ನಿಮಗೇ ಇದೆ. ಪರೀಕ್ಷೆ ಸೋತರೆ ಹಣ ತಡೆಯುತ್ತದೆ, ಕೈಯಲ್ಲಿ ಸ್ವಲ್ಪ ಬಂಡವಾಳ ಇಟ್ಟುಕೊಂಡೇ ಒಪ್ಪಬೇಕು. ಯಾವುದು ಗೆಲುವು, ಯಾವುದು ಸೋಲು ಎಂಬುದನ್ನು ಅಂಕಿಯಲ್ಲಿ ಮೊದಲೇ ಬರೆದಿಡಿ. ಇಷ್ಟು ತೇವಾಂಶದ ಕಾಳು ಒಳಗೆ, ಇಷ್ಟು ಹೊರಗೆ, ಅಳೆಯುವುದು ಯಾರ ಮೀಟರಿನಿಂದ, ಅದರ ಲೆಕ್ಕ ಒಟ್ಟು ತೂಕದ ಮೇಲೋ ಒಣ ತೂಕದ ಮೇಲೋ. ಸಾಹುಕಾರರ ಮೀಟರನ್ನೇ ಒಪ್ಪಿಕೊಳ್ಳುವುದಾದರೆ ಅದನ್ನೂ ಒಮ್ಮೆ ಪ್ರಯೋಗಾಲಯದಲ್ಲಿ ಕಾಳನ್ನು ಓವನ್‌ನಲ್ಲಿ ಒಣಗಿಸಿ ತೂಗಿ ತಾಳೆ ನೋಡಿ.

ಹೊಸ ತೊಗರಿ ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ ಮಾರುಕಟ್ಟೆಗೆ ಬರತೊಡಗುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಡಿಸೆಂಬರ್ ಪೂರ್ತಿ ಮಿಲ್‌ನಲ್ಲಿ ಜೋಡಣೆ ಮತ್ತು ತಿದ್ದುಪಡಿಗೆ ಬೇಕು, ನವೆಂಬರಿನಲ್ಲಿ ಕಾಳಿನ ಪರೀಕ್ಷೆ ಆಗಿರಬೇಕು, ದೀಪಾವಳಿಯ ರಜೆಗೆ ವರ್ಕ್‌ಶಾಪಿನ ಕೆಲಸಗಾರರು ಊರಿಗೆ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಜಿನ ಪರೀಕ್ಷೆ ಅದಕ್ಕೂ ಒಂದು ತಿಂಗಳು ಮುಂಚೆ. ಗಡಿಯ ಪುಟಗಳನ್ನು ಈ ವಾರವೇ ಕಳಿಸಿ. ಸಮಯ ಸಾಲದೆ ಯಾವುದಾದರೂ ಒಂದನ್ನು ಬಿಡಲೇಬೇಕಾದರೆ ಪ್ಯಾಕಿಂಗ್ ಭಾಗದ ಯಾಂತ್ರೀಕರಣವನ್ನು ಮುಂದಿನ ವರ್ಷಕ್ಕೆ ಬಿಡಿ. ಒಂದು ಹಂಗಾಮು ಕೈಯಿಂದ ಚೀಲ ತುಂಬಿದರೆ ಯಾರಿಗೂ ನಷ್ಟವಿಲ್ಲ. ಕಾಳಿನ ಪರೀಕ್ಷೆಯನ್ನು ಬಿಡಬೇಡಿ. ಹುಮನಾಬಾದಿನಲ್ಲಿ ಕಾಳು ಓಡಿಸುವ ದಿನ ಸಾಹುಕಾರರನ್ನು ತಪ್ಪದೆ ಕರೆಯಿರಿ, ಅವರ ಮಿಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಬರಲು ಹೇಳಿ. ಮಿಸ್ತ್ರಿಯ ಆ ದಿನದ ಕೂಲಿ ಮತ್ತು ಬಸ್ ಖರ್ಚು ನಿಮ್ಮದಿರಲಿ.